ಏಳು ಗಂಟಿನ ಆರ್ಕಿಟೆಕ್ಟ್

ಸಾಫ್ಟ್‌ವೇರ್ ಆರ್ಕಿಟೆಕ್ಟ್ ಆದವನಿಗೆ ಎಷ್ಟು ವಿದ್ಯೆ ಬರಬೇಕು? ನನ್ನನ್ನು ಕೇಳಿ. ಎಲ್ಲವೂ! ಡೇಟಾಬೇಸು, ನೆಟ್‌ವರ್ಕು, ಸೆಕ್ಯುರಿಟಿ, ಎಲ್ಲದರಲ್ಲೂ ಒಂದೊಂದು ಚಮಚ. ಆ ಹುದ್ದೆ ಸಿಕ್ಕ ಹೊಸತರಲ್ಲಿ ಕಾಗವಾಡದ ಸೋದರಮಾವನ ಮನೆಗೆ ಹೋದವನು ಇದನ್ನೇ ನಮ್ಮ ಮ್ಯಾನೇಜರರ ಮೂಗಿನ ದನಿಯಲ್ಲಿ ಭಾಷಣ ಬಿಗಿದೆ.

ಮಾಮಾ ನಕ್ಕರು. "ಹಂಗಾರ ನಮ್ಮ ಶೆಡ್ಡಿಗೆ ಏನರ ಮಾಡೋ ಸಂತ್ಯಾ. ಮಳಿ ಬಡದ್ರ ವರ್ಷದ ದ್ರಾಕ್ಷಿ ಕರ್ರಗಾಗಿ ಹೊಕ್ಕೈತಿ."

ಶೆಡ್ಡಿನೊಳಗೆ ಬಲೆಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ಸುತ್ತಲೂ ಸುರುಳಿ ಸುತ್ತಿ ಮೇಲೆ ಕಟ್ಟಿದ ತಾಡಪತ್ರಿಯ ಪರದೆಗಳು. ಮಳೆ ಬಂದರೆ ಹಗ್ಗ ಬಿಚ್ಚಿ ಇಳಿಸಬೇಕು. ನಾನು ಮಳೆಯ ಸೆನ್ಸರ್ ಕೂರಿಸಿ ಸೈರನ್ ಜೋಡಿಸಿದೆ. ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ! ಹಗ್ಗಗಳಿಗೆ ಅತ್ತೆ ಹಾಕಿದ್ದ ಜಾರುಗಂಟು ಕಣ್ಣಿಗೆ ಬಿತ್ತು. ಯಾರು ಎಳೆದರೂ ಬಿಚ್ಚುತ್ತದೆ! ಎಲ್ಲಿದೆ ಸೆಕ್ಯುರಿಟಿ? ಪ್ರತಿ ಹಗ್ಗಕ್ಕೂ ಏಳೇಳು ಗಂಟು ಬಿಗಿದೆ.

ಮರುದಿನ ಮಧ್ಯಾಹ್ನ ಮೊದಲ ಹನಿಗೇ ಸೈರನ್ ಕೂಗಿತು. ಎಲ್ಲರೂ ಓಡಿಬಂದು ಹಗ್ಗ ಎಳೆದರು. ಎಳೆದಷ್ಟೂ ಗಂಟು ಬಿಗಿಯಿತು. ನನ್ನ ಫಜೀತಿ ನೋಡಲು ಇಡೀ ಮನೆಯನ್ನು ಸರಿಯಾದ ಸಮಯಕ್ಕೆ ಕರೆಸಿದ ಕೀರ್ತಿ ಮಾತ್ರ ಸೈರನ್ನಿಗೇ ಸಲ್ಲಬೇಕು.

"ಯಾವ ಹುಚ್ಚ ಕಟ್ಯಾನಲೇ ಇದನ್ನ?" ಮಾಮಾ ಗುಡುಗಿದರು.

ನಾನು ಹಲ್ಲಿನಿಂದ ಗಂಟು ಕಚ್ಚುತ್ತಿದ್ದೆ.

"ಹೊಸಾ ಹಗ್ಗ ಐತ್ರಿ, ತೊಯ್ದು ಬಿಗದೈತಿ," ಎಂದ ಅತ್ತೆ, ದ್ರಾಕ್ಷಿ ಗೊನೆ ಕೊಯ್ಯುವ ಕತ್ತರಿ ತೆಗೆದು ಹಗ್ಗಗಳನ್ನು ಕಚಕಚ ಕತ್ತರಿಸುತ್ತ ಹೋದರು. ತಾಡಪತ್ರಿಗಳು ದಬದಬ ಇಳಿದವು. ತೊಯ್ದದ್ದು ಅಂಚಿನ ಒಂದು ಬಲೆ. ಮತ್ತು ನಾನು.

ಮಾಮಾ ಅತ್ತ ಹೋದ ಮೇಲೆ ಅತ್ತೆ ಕೇಳಿದರು: "ಎಲ್ಲಾ ಬರತೈತಿ ಅಂದಿ, ಗಂಟ ಬರಂಗಿಲ್ಲೇನ?"

"ಕಟ್ಟಾಕ ಬರತೈತಿ ಅತ್ತಿ..."

"ಕಟ್ಟಾಕ ಎಲ್ಲಾರಿಗೂ ಬರತೈತ್ಯೋ. ಬಿಚ್ಚೂದ ಹೆಂಗಂತ ಮೊದಲ ವಿಚಾರ ಮಾಡಿ ಕಟ್ಟಬೇಕ. ಬಾ ಇಲ್ಲೆ, ಕೈ ಕೊಡ."

ಹೀಗೆ ತಪ್ಪನ್ನು ಹಗ್ಗದ ಮೇಲೆ ಹಾಕಿ ನನ್ನ ಹೆಸರು ಉಳಿಸಿದವರೇ ನನ್ನ ಕೈ ಹಿಡಿದು ಜಾರುಗಂಟು ಕಲಿಸಿದರು. ಯಾವ ಕೋರ್ಸೂ ಹೇಳಿಕೊಡದ ಪಾಠ; ಆ ಋಣ ದೊಡ್ಡದು.

ಹೊರಡುವಾಗ ಅತ್ತೆ ಚೀಲದ ತುಂಬ ಒಣದ್ರಾಕ್ಷಿ ಕೊಟ್ಟರು. ಅದರ ಬಾಯಿಗೆ ನಾನೇ, ಹೆಮ್ಮೆಯಿಂದ, ಜಾರುಗಂಟು ಹಾಕಿದೆ. ಬಸ್ಸಿನಲ್ಲಿ ಯಾರದೋ ಚಪ್ಪಲಿಗೆ ದಾರದ ತುದಿ ಸಿಕ್ಕಿತು. ಚೀಲ ಸಲೀಸಾಗಿ ಬಿಚ್ಚಿತು! ಅಥಣಿ ಬರುವಷ್ಟರಲ್ಲಿ ಅರ್ಧ ಬಸ್ಸು ದ್ರಾಕ್ಷಿ ಮೆಲ್ಲುತ್ತ ನಮ್ಮ ಅತ್ತೆಯನ್ನು ಹರಸುತ್ತಿತ್ತು. ಆರ್ಕಿಟೆಕ್ಟ್ ಸಾಹೇಬರು ಸೀಟಿನ ಕೆಳಗೆ ಉಳಿದ ದ್ರಾಕ್ಷಿ ಆಯುತ್ತಿದ್ದರು.