ಖಾಲಿ ಡಬ್ಬಗಳ ಜೋಪಾನ

ಜೋಪಾನ ಮಾಡುವುದು ನನ್ನ ಹುಟ್ಟುಗುಣ. ಸರ್ಕಾರಿ ಗುಮಾಸ್ತನಾದ ಮೇಲೆ ಅದು ಇನ್ನಷ್ಟು ಬಲಿಯಿತು. ಮುಖರ್ಜಿ ನಗರದ ಬಾಡಿಗೆ ಮನೆಯಿಂದ ಕಿದ್ವಾಯಿ ನಗರದ ಕ್ವಾರ್ಟರ್ಸಿಗೆ ಬಂದಾಗ ಅಡುಗೆಮನೆಯ ಖಾಲಿ ಡಬ್ಬಗಳಿಗೂ ಕಾಗದ ಸುತ್ತಿ ಕಟ್ಟಿದ್ದೆ. ಟೆಂಪೊ ತುಂಬಿಹೋಗಿ, ನನ್ನ ಹೆಂಡತಿ ಶಾರದೆ ಹಾಸಿಗೆಯ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಳು.

ಮನೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಪ್ರತಿ ಭಾನುವಾರ ಇಡೀ ಹಾರ್ಡ್ ಡಿಸ್ಕಿನ ನಕಲನ್ನು ಇನ್ನೊಂದು ದೊಡ್ಡ ಡಿಸ್ಕಿನಲ್ಲಿ ಒಂದೇ ಫೈಲಾಗಿ ತೆಗೆದಿಡುತ್ತಿದ್ದೆ. ಶಾರದೆಯ ಪಿಎಚ್.ಡಿ. ಪ್ರಬಂಧ ಅದರಲ್ಲೇ ಇತ್ತು. "ನನ್ನ ಅಧ್ಯಾಯಗಳನ್ನ ಒಂದು ಸಿ.ಡಿ.ಗೆ ಹಾಕಿಕೊಡ್ರೀ" ಅಂದಾಗಲೆಲ್ಲ, "ಇಡೀ ಮನೇನೇ ಕಾಪಾಡ್ತಿರೋವಾಗ ನಿನ್ನ ನಾಲ್ಕು ಸೀರೆಗೆ ಬೇರೆ ಪೆಟ್ಟಿಗೆ ಯಾಕೆ?" ಎಂದು ಬಾಯಿ ಮುಚ್ಚಿಸಿದ್ದೆ.

ಶುಕ್ರವಾರ ಪ್ರಬಂಧ ಒಪ್ಪಿಸಬೇಕು, ಸೋಮವಾರ ಬೆಳಿಗ್ಗೆ ಡಿಸ್ಕು ಕಟಕಟ ಅಂದು ಕಣ್ಣು ಮುಚ್ಚಿತು. ಶಾರದೆ ಬಿಳಿಚಿಕೊಂಡಳು. ನಾನು ಮೀಸೆ ತಿರುವುತ್ತ ಹೊಸದು ತರಲು ಹೋದೆ. ಕೆಟ್ಟುಹೋದದ್ದು ಎಂಬತ್ತು ಜಿಬಿಯದು; ಅಂಗಡಿಯವನ ಬಳಿ ಇದ್ದದ್ದು ನಲವತ್ತರದು. "ಕಾಮ್ ಚಲ್ ಜಾಯೇಗಾ, ಸಾಬ್" ಎಂದ. ನಾವು ಬಳಸಿದ್ದೇ ಹನ್ನೆರಡು ಜಿಬಿ, ನಡೆಯದೆ ಏನು ಎಂದು ತಂದೆ. ನಡೆಯಲಿಲ್ಲ. ನಕಲನ್ನು ಇಳಿಸಲು ಹೋದಾಗಲೆಲ್ಲ ಅರ್ಧಕ್ಕೆ ಬಂದು, ಜಾಗ ಸಾಲದು ಎಂದು ನಿಂತುಬಿಡುತ್ತಿತ್ತು. ಎರಡು ದಿನ ರಜೆ ಹಾಕಿ ಹೆಣಗಿದೆ. ಮೀಸೆಯ ಕಡೆಗೆ ಕೈ ಹೋಗಲಿಲ್ಲ.

"ಸಾಮಾನು ಹನ್ನೆರಡು, ಜಾಗ ನಲವತ್ತು. ಹಿಡಿಸಲ್ಲ ಅಂದ್ರೆ ಹೇಗೆ?" ಶಾರದೆ ಕೇಳಿದಳು.

"ನಕಲು ಎಂಬತ್ತರದು. ಬಳಸದೆ ಇದ್ದ ಜಾಗಾನೂ ಬಿಡದೆ ತೆಗೆದಿದ್ದೀನಿ."

"ಅಚ್ಛಾ. ಇಲ್ಲೂ ಖಾಲಿ ಡಬ್ಬ ಕಟ್ಟಿದ್ದೀರಿ." ಮತ್ತೆ ಅವಳೇ ಅಂದಳು, "ಗಂಟನ್ನ ಹಾಗೇ ಯಾಕೆ ಇಳಿಸ್ತೀರಿ? ಅಲ್ಲೇ ಬಿಚ್ಚಿ, ಸಾಮಾನು ಮಾತ್ರ ಎತ್ತಿ ತರೋಕಾಗಲ್ವಾ?"

ಆಗುತ್ತಿತ್ತು. ಆ ನಕಲನ್ನೇ ಡಿಸ್ಕಿನಂತೆ ತೆರೆಯಬಹುದೆಂದು ನಾನೇ ಆಫೀಸಿನಲ್ಲಿ ನಾಲ್ವರಿಗೆ ಪಾಠ ಹೇಳಿದ್ದೆ. ತೆರೆದೆ. ಫೈಲುಗಳನ್ನಷ್ಟೇ ಹೊಸ ಡಿಸ್ಕಿಗೆ ಸಾಗಿಸಿದೆ. ಕಂಪ್ಯೂಟರು ಎದ್ದು ಕೂತಾಗ ಐದನೆಯ ಅಧ್ಯಾಯದ ಅಡಿಟಿಪ್ಪಣಿಗಳೂ ಇದ್ದಲ್ಲೇ ಇದ್ದವು. ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ. ಅವಳ ಮೂರು ವರ್ಷಗಳ ದುಡಿಮೆಯನ್ನು ನನ್ನ ಜೋಪಾನದ ಬಾಯಿಂದ ಅವಳೇ ಉಳಿಸಿಕೊಂಡಳಲ್ಲ, ಆ ಋಣ ನನ್ನ ಮೇಲೆ ಇದ್ದೇ ಇದೆ.

ಪ್ರಬಂಧ ಬೈಂಡಾಗಿ ಬಂದಾಗ ಮೊದಲು ಕೃತಜ್ಞತೆಯ ಪುಟ ತೆರೆದೆ. ಗುರುಗಳು, ಗ್ರಂಥಾಲಯ, ಕೊನೆಗೆ ನಾನು: "ಇದ್ದದ್ದನ್ನೂ ಇಲ್ಲದ್ದನ್ನೂ ಒಂದೇ ಶ್ರದ್ಧೆಯಿಂದ ಕಾಪಾಡಿದ ಪತಿಗೆ." ಮನೆಗೆ ಬಂದವರಿಗೆಲ್ಲ ಆ ಸಾಲು ಓದಿ ಹೇಳುತ್ತೇನೆ. ಏನೋ ವೇದಾಂತವೆಂದು ಅವರು ತಲೆದೂಗುತ್ತಾರೆ. ಅಡುಗೆಮನೆಯಲ್ಲಿ ಶಾರದೆ ಖಾಲಿ ಡಬ್ಬವೊಂದನ್ನು ಸ್ವಲ್ಪ ಸದ್ದು ಮಾಡಿಯೇ ಇಡುತ್ತಾಳೆ.