ಐದಕ್ಕೆ ಐದು

ತನಗೆ ಬರುವ ಒಂದೇ ಒಂದು ವಿದ್ಯೆಯಿಂದ ತನ್ನ ಸೀಮೆಯವರಿಗೇ ಕೇಡು ಮಾಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ನನಗೆ ಸಿಕ್ಕಿತು. ನಾನು ಮಹಾರಾಷ್ಟ್ರದ ಗಡಿಯೊಳಗಿರುವ ಜತ್ತದ ಕಾಲೇಜೊಂದರಲ್ಲಿ ಪೂರೈಕೆ ಸರಪಳಿ ಎಂಬ ವಿಷಯ ಕಲಿಸುತ್ತೇನೆ. ಮಾಲು ಹುಟ್ಟಿದ ಜಾಗದಿಂದ ಬೇಕಾದವರ ಕೈಗೆ ಕೆಡದೆ, ಹೊತ್ತಿಗೆ ಸರಿಯಾಗಿ ಮುಟ್ಟುವುದು ಹೇಗೆ ಎಂಬುದು ಅದರ ಸಾರ. ಇಷ್ಟು ವರ್ಷ ಇದನ್ನೇ ಕಲಿಸಿದವನ ಮನೆಯಲ್ಲಿ ಚಹಾಪುಡಿ ಮಾತ್ರ ಬೀಗರು ಬಂದ ದಿನವೇ ಮುಗಿಯುತ್ತದೆ. "ಮಂದಿ ಮಾಲ ಯಾವಾಗ ಮುಟ್ಟತೈತಿ ಅಂತ ಊರೂರು ತಿರಗತೀರಿ, ಮನ್ಯಾಗಿನ ಡಬ್ಬಿ ತಗದ ನೋಡೂದಿಲ್ಲ ನೋಡ್ರಿ" ಎನ್ನುತ್ತಾಳೆ ಹೆಂಡತಿ ಗಿರಿಜಾ.

ನಮ್ಮ ತಾಲೂಕಿನ ಬಿಳೂರಿನ ದಾಳಿಂಬೆ ಪೇಟೆ ಸೇರುವಷ್ಟರಲ್ಲಿ ಎಲ್ಲಿ ತಡವಾಗುತ್ತದೆ, ಎಲ್ಲಿ ಕೊಳೆಯುತ್ತದೆ ಎಂದು ಕಂಡುಹಿಡಿಯಲು ನಾನೊಂದು ಪ್ರಶ್ನಾವಳಿ ಮಾಡಿದ್ದೆ. ತೀರಾ ಕೆಟ್ಟದ್ದಕ್ಕೆ ಒಂದು, ಬಹಳ ಚೆನ್ನಾಗಿದ್ದರೆ ಐದು ಅಂಕ. ಬೇಸಿಗೆಯ ಬಿಸಿಲಲ್ಲಿ ಮೋಟಾರ್ ಸೈಕಲ್ ಮೇಲೆ ಮನೆಮನೆ ತಿರುಗಿದೆ. ಎಲ್ಲೆಡೆ "ಬರ್ರಿ ಸರ, ಕುಂದ್ರಿ", ಎಲ್ಲೆಡೆ ಚಹಾ, ಎಲ್ಲೆಡೆ ಐದು. ರಸ್ತೆಗೆ ಐದು, ಟೆಂಪೊಗೆ ಐದು, ಕಿತ್ತ ಹಣ್ಣು ಇಡುವ ಜಾಗಕ್ಕೂ ಐದು. ಆ ಜಾಗವೆಂದರೆ ಬೇವಿನ ಗಿಡದ ನೆರಳು. ನನಗೆ ಅನುಮಾನ ಬರಬೇಕಿತ್ತು. ಆದರೆ ಹೊಟ್ಟೆಯಲ್ಲಿ ಅಷ್ಟೊಂದು ಚಹಾ ಇರುವವನಿಗೆ ಅನುಮಾನ ಬರುವುದು ಕಷ್ಟ. ಕಂಪ್ಯೂಟರು ಆ ಐದುಗಳನ್ನೆಲ್ಲ ನುಂಗಿ ಚೆಂದದ ನಕ್ಷೆ ಬಿಡಿಸಿ ಕೊಟ್ಟಿತು. ಬೆಳೆಗಾರರು ಪೂರ್ತಿ ತೃಪ್ತರು ಎಂದು ಬರೆದೆ. ಲೇಖನ ಅಚ್ಚಾಯಿತು, ನನಗೆ ಬಡ್ತಿಯೂ ಸಿಕ್ಕಿತು. ಗಿರಿಜಾ ಅಂದು ಹೋಳಿಗೆ ಮಾಡಿದ್ದಳು.

ಆಮೇಲೊಂದು ದಿನ ಬಿಳೂರಿನ ದಸ್ತಗೀರ ಚಾಚಾ ಮನೆಗೆ ಬಂದರು. ದಾಳಿಂಬೆ ಬೆಳೆಯುವವರು, ಊರವರ ಹಣ್ಣನ್ನೂ ತಮ್ಮ ಟೆಂಪೊದಲ್ಲಿ ಪೇಟೆಗೆ ಒಯ್ಯುವವರು. ಕೈಯಲ್ಲಿ ಮರಾಠಿಯ ಒಂದು ಸರಕಾರಿ ಕಾಗದ. ಊರವರೆಲ್ಲ ಸೇರಿ ಕೋಲ್ಡ್ ಸ್ಟೋರೇಜ್ ಬೇಕೆಂದು ಅರ್ಜಿ ಹಾಕಿದ್ದರಂತೆ. ಸ್ಥಳೀಯ ಸಂಶೋಧಕರೊಬ್ಬರ ಅಧ್ಯಯನದ ಪ್ರಕಾರ ಬಿಳೂರಿನಲ್ಲಿ ಹಣ್ಣಿನ ಸಾಗಣೆಗೂ ಸಂಗ್ರಹಕ್ಕೂ ತೊಂದರೆಯೇ ಇಲ್ಲ, ಆದ್ದರಿಂದ ಅರ್ಜಿ ನಾಮಂಜೂರು ಎಂದು ಉತ್ತರ ಬಂದಿತ್ತು.

"ಯಾರ್ರಿ ಸರ ಈ ಶಾಣ್ಯಾ? ಹ್ವಾದ ಸಲ ಟೆಂಪೊ ಎರಡ ದಿನ ನಿಂತು ಅರ್ಧ ಮಾಲ ಕೊಳತ ಹೋತು. ಇವಂಗೇನ ಗೊತ್ತರಿ ನಮ್ಮ ತ್ರಾಸ? ನಿಮ್ಮ ಕಾಲೇಜಿನಾಂವ ಇದ್ರ ಒಂದೀಟ ಬುದ್ಧಿ ಹೇಳ್ರಿ."

ಚಹಾ ತಂದ ಗಿರಿಜಾ ನನ್ನ ಮುಖ ನೋಡುತ್ತ ನಿಂತಳು. ಸುಳ್ಳು ಹೇಳುವ ಆಸೆ ನಿಜವಾಗಿಯೂ ಆಗಿತ್ತು.

"ಆ ಶಾಣ್ಯಾ ನಾನರಿ, ಚಾಚಾ."

ಚಾಚಾ ಬಸಿಗೆ ಸುರಿದುಕೊಂಡ ಚಹಾವನ್ನು ಬಹಳ ಹೊತ್ತು ಊದಿದರು. "ನೀವಂದ್ರ ವಿಚಾರ ಮಾಡೇ ಬರದಿರತೀರಿ ಬಿಡ್ರಿ" ಎಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅಲ್ರಿ, ಎಲ್ಲಾಕ್ಕೂ ಐದ ಯಾಕ ಕೊಟ್ರಿ?"

"ಮತ್ತೇನ ಮಾಡೂದ್ರಿ? ಅಂಥಾ ಬಿಸಲಾಗ ಮನಿತನಕ ಬಂದಿದ್ರಿ. ಮಾರ್ಕ್ಸ ನಿಮಗ ಅಂತ ತಿಳಕೊಂಡ್ವಿ. ಐದಕ್ಕ ಎರಡ ಕೊಟ್ಟ ಹೆಂಗ ಕಳಸೂದ್ರಿ?"

ಈ ಮಾತು ಕೇಳಿ ನನಗೆ ಆಶ್ಚರ್ಯವಾಗಲಿಲ್ಲ, ನಾಚಿಕೆಯಾಯಿತು. ನಾನೂ ಈ ಸೀಮೆಯಲ್ಲೇ ಹುಟ್ಟಿದವನು. ಮಾಡಗ್ಯಾಳದ ನಮ್ಮ ಮಾವನವರು ಜ್ವರದಲ್ಲಿ ನಡುಗುತ್ತ ಮಲಗಿದ್ದರೂ ಮಾತಾಡಿಸಲು ಬಂದವರಿಗೆ "ಆರಾಮ ಅದೀನ್ರಿ" ಎನ್ನುವುದನ್ನು ಕಂಡವನು. ಬೀಗರ ಮನೆಯ ಉಪ್ಪುಪ್ಪಾದ ಸಾರಿಗೆ "ಭಾಳ ಚಲೋ ಆಗೇತ್ರಿ" ಎಂದು ಎರಡನೆಯ ಸಲ ಹಾಕಿಸಿಕೊಂಡವನು. ಇಷ್ಟೆಲ್ಲ ಗೊತ್ತಿದ್ದೂ ಎಲ್ಲಿಯದೋ ಪುಸ್ತಕದ ಪ್ರಶ್ನೆ ಹಿಡಿದುಕೊಂಡು ಹೋಗಿ, ಅವರ ಮರ್ಯಾದೆಯನ್ನು ಮಾಹಿತಿ ಎಂದು ಬರೆದುಕೊಂಡು ಬಂದಿದ್ದೆ.

ನನ್ನ ಅಧ್ಯಯನ ತಪ್ಪು ಎಂದು ಆ ಸರಕಾರಿ ಕಚೇರಿಗೆ ಬರೆದೆ. ಹಾಗಿದ್ದರೆ ಹೊಸ ಅಧ್ಯಯನ ಕಳಿಸಿ, ನೋಡೋಣ ಎಂದರು. ಮತ್ತೆ ಫಾರ್ಮು ಹಿಡಿದು ಬಿಳೂರಿಗೆ ಹೋದೆ. ಅಂಕ ನನಗಲ್ಲ, ಇದ್ದದ್ದು ಇದ್ದ ಹಾಗೆ ಬರೆಯಿರಿ ಎಂದು ಹೇಳಬೇಕೆಂದಿದ್ದೆ. ಆದರೆ ನಾನು ಮುಟ್ಟುವ ಮೊದಲೇ ಚಾಚಾ ಮನೆಮನೆಗೆ ಹೋಗಿ, "ಸರಗ ಈ ಸಲ ಒಂದೊಂದ ಮಾರ್ಕ್ಸ ಬೇಕಾಗ್ಯಾವ" ಎಂದು ಸಾರಿಬಿಟ್ಟಿದ್ದರು. ಎಲ್ಲರೂ ಲಗುಬಗೆಯಿಂದ ಎಲ್ಲಕ್ಕೂ ಒಂದೊಂದು ಕೊಟ್ಟರು. ಹೋದ ವಾರವಷ್ಟೇ ಡಾಂಬರು ಬಿದ್ದ ರಸ್ತೆಗೂ ಒಂದೇ. ಬೇಡವೆಂದರೂ ಕೇಳಲಿಲ್ಲ. ಇದನ್ನು ಯಾವ ಕಚೇರಿ ನಂಬೀತು? ಕೋಲ್ಡ್ ಸ್ಟೋರೇಜ್ ಎರಡನೆಯ ಸಲವೂ ನನ್ನ ಕೈಯಿಂದಲೇ ಜಾರಿತು ಎಂದು ಅಲ್ಲೇ ಗೊತ್ತಾಯಿತು.

ಚಾಚಾ ಅವರ ಫಾರ್ಮು ಕೊನೆಯದು. ಅದರ ತುದಿಗೆ, ಕಾಲೇಜಿನವರು ಹಾಕಲೇಬೇಕೆಂದಿದ್ದ ಒಂದು ಪ್ರಶ್ನೆಯಿತ್ತು: ಈ ಸಂಶೋಧನೆಯಿಂದ ನಿಮಗೆ ಎಷ್ಟು ಉಪಯೋಗವಾಯಿತು? ಅವರು ಪೆನ್ನು ಎತ್ತಿ ನನ್ನ ಮುಖ ನೋಡಿದರು. ಅಂಗಳದಲ್ಲಿ ತಾಡಪತ್ರಿ ಹೊದಿಸಿದ ಕ್ರೇಟುಗಳಿಂದ ಹುಳಿತ ದಾಳಿಂಬೆಯ ವಾಸನೆ ಬರುತ್ತಿತ್ತು. ಆ ಒಂದುಗಳ ಸಾಲಿನ ಕೆಳಗೆ ಅವರು ನಿಧಾನವಾಗಿ, ದುಂಡಗೆ, ಐದು ಎಂದು ಬರೆದರು.

ಬಿಳೂರಿನಲ್ಲಿ ಐದು ಎಂದರೆ ಏನೆಂದು ನನಗಿಂತ ಚೆನ್ನಾಗಿ ಬಲ್ಲ ಸಂಶೋಧಕ ಇನ್ನೊಬ್ಬನಿಲ್ಲ. ಆದರೂ, ಹೇಳಲು ನಾಚಿಕೆಯಾಗುತ್ತದೆ, ಅದನ್ನು ನೋಡಿ ಒಂದು ಗಳಿಗೆ ನಾನು ಹಿಗ್ಗಿದೆ.