ಮಾರ್ಕೆಟ್ ಯಾರ್ಡ್ ಜೋಡಿಯ ಮೊದಲ ಕ್ಯಾಸೆಟ್ಟು

ರೆಕಾರ್ಡಿಂಗ್ ಸ್ಟುಡಿಯೋ ನಡೆಸುವವನ ಕಿವಿಗೆ ಹಾಡಿಗಿಂತ ಫಜೀತಿಗಳೇ ಹೆಚ್ಚು ಬೀಳುತ್ತಿರುತ್ತವೆ. ಪುಣೆಯಲ್ಲಿ ಒಂದೇ ಕೋಣೆಯ ಸ್ಟುಡಿಯೋ ಇಟ್ಟಿದ್ದ ನನಗೆ, ತೊಂಬತ್ತರ ದಶಕದಲ್ಲಿ ಬಂದ ಒಂದು ಜೋಡಿಯೇ ಜೀವಮಾನಕ್ಕೆ ಸಾಕಾಗುವಷ್ಟು ಒದಗಿಸಿತು. ಒಬ್ಬ ಮಾರ್ಕೆಟ್ ಯಾರ್ಡಿನ ಹಮಾಲ, ಇನ್ನೊಬ್ಬ ಅಲ್ಲೇ ಬೆಲ್ಲದ ಅಂಗಡಿಯ ಗುಮಾಸ್ತ. ಇಬ್ಬರೂ ವಿಜಾಪುರದ ಕಡೆಯವರು, ಊರಿನ ಜನಪದ ಹಾಡುಗಳನ್ನು ಜೋಡಿಯಾಗಿ ಹಾಡುತ್ತಿದ್ದರು. ಕಲಿಸಿದ ಅಜ್ಜ ತೀರಿಹೋಗಿದ್ದ. ಅವನ ಹಿಂದೆ ಹಾಡೂ ಹೋಗಬಾರದು, ಒಂದು ಕ್ಯಾಸೆಟ್ಟಾದರೂ ಆಗಲಿ ಎಂಬುದು ಅವರ ಆಸೆ.

ಎದುರಿಗೆ ಯಾರು?

ಮೈಕಿನ ಮುಂದೆ ಹಮಾಲ ಬಾಯಿಯೇ ಬಿಡಲಿಲ್ಲ. ಯಾರ್ಡಿನ ಗದ್ದಲದಲ್ಲಿ ನೂರು ಜನಕ್ಕೆ ಕೇಳುವಂತೆ ಹಾಡುವವನು, ಗೋಡೆಗೆಲ್ಲ ಗಾದಿ ಬಡಿದ ಕೋಣೆಯಲ್ಲಿ ಬೆವೆತುಹೋದ. ಎದುರಿಗೆ ಮನುಷ್ಯರಿಲ್ಲದೆ ಯಾರಿಗಂತ ಹಾಡಲಿ ಎಂದು ಕೇಳಿದ. ಕೆಳಗಿನ ಚಹದಂಗಡಿಯವನನ್ನು ಕರೆತಂದು ಕೂರಿಸಿದೆ. ಮರಾಠಿಯವನು, ಕನ್ನಡ ಒಂದಕ್ಷರ ತಿಳಿಯದು. ಎರಡನೆಯ ಹಾಡಿಗೆ ಗಳಗಳ ಅತ್ತುಬಿಟ್ಟ. ಇವರಿಗೆ ಹುರುಪೋ ಹುರುಪು.

ಅವರು ಹಾಡಿದ್ದು ಅತ್ತೆ-ಸೊಸೆ ಜಗಳದ ನಗೆಪದ.

ಮೇಲೆ ಕೆಳಗೆ

ಕ್ಯಾಸೆಟ್ಟಿನ ಹೊದಿಕೆ ಅಚ್ಚು ಹಾಕಿದ ಪ್ರೆಸ್ಸಿನಲ್ಲಿ ಕನ್ನಡ ಬಲ್ಲವರಿರಲಿಲ್ಲ. ಹೆಸರಿನ ಸಾಲು ತಲೆಕೆಳಗಾಗಿ ಬಂತು. ಗುಮಾಸ್ತ ಮುಖ ಸಣ್ಣ ಮಾಡಿದ. ಓದುಬರಹ ಬಾರದ ಹಮಾಲ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ಹೇಳಿದ: "ನನಗ ಹ್ಯಾಂಗ ಹಿಡದ್ರೂ ಅಷ್ಟ ಛಲೋ ಕಾಣತದ್ರೀ."

ಜೇನುತುಪ್ಪ

ಗುಮಾಸ್ತ ಕ್ಯಾಸೆಟ್ಟನ್ನು ಕೋಥರೂಡದ ಮನೆಗೆ ಒಯ್ದ. ಅವನು ಹಾಡುವುದನ್ನು ಹೆಂಡತಿ ಎಂದೂ ಕೇಳಿರಲಿಲ್ಲ. ಕೆಲಸ ಬಿಟ್ಟು ಟೇಪಿನ ಪಕ್ಕ ಕೂತು ಪೂರ್ತಿ ಕೇಳಿದಳಂತೆ. ಆಮೇಲೆ, ನಿಮ್ಮ ಜೋಡೀದಾರರದು ಎಂಥ ದನಿ, ಜೇನುತುಪ್ಪ, ನೀವು ಸುಮ್ಮನೆ ಅವರಿಗೆ ಅಡ್ಡ ಬಂದೀರಿ ಎಂದಳಂತೆ. ಜೇನುತುಪ್ಪದ ದನಿ ಇವನದೇ. ಹೇಳಲಿಲ್ಲವೇ ಎಂದು ಕೇಳಿದೆ.

"ಇಲ್ರೀ. ಮದುವಿ ಆದಾಗಿಂದ ಹೊಗಳಿದ್ದು ಇದ ಮೊದಲ. ಯಾಕ ಕೆಡಿಸ್ಲಿ?"

ಇತಿಹಾಸ

ಹತ್ತು ವರ್ಷದ ಮೇಲೆ, ಕ್ಯಾಸೆಟ್ಟುಗಳ ಕಾಲವೇ ಮುಗಿಯುತ್ತಿದ್ದಾಗ, ಮೈಸೂರಿನಿಂದ ಒಬ್ಬ ಪ್ರಾಧ್ಯಾಪಕರು ಬಂದರು. ಜನಪದ ಸಂಗೀತದ ಇತಿಹಾಸ ಬರೆಯುತ್ತಿದ್ದರು. ಅದರಲ್ಲಿ ಈ ಕ್ಯಾಸೆಟ್ಟಿಗೇ ಒಂದು ಅಧ್ಯಾಯವಂತೆ. ಜೋಡಿಯನ್ನು ಕರೆಸಿದೆ. ಇಬ್ಬರೂ ಇಸ್ತ್ರಿ ಅಂಗಿ ತೊಟ್ಟು ಬಂದು ಕುರ್ಚಿಯ ತುದಿಯಲ್ಲಿ ಕೂತರು.

ಐದನೆಯ ಹಾಡಿನಲ್ಲಿ ದೂರದಿಂದ 'ಧಪ್, ಧಪ್' ಎಂದು ಕೇಳುವ ಪೆಟ್ಟಿನ ಬಗ್ಗೆಯೇ ಪ್ರಾಧ್ಯಾಪಕರು ನಾಲ್ಕು ಪುಟ ಬರೆದಿದ್ದರು. ಅಳಿದುಹೋದ ಯಾವುದೋ ಚರ್ಮವಾದ್ಯ, ಅದೇ ಈ ಕ್ಯಾಸೆಟ್ಟಿನ ದೊಡ್ಡ ಕೊಡುಗೆ ಎಂದರು. ಅದರ ಹೆಸರೊಂದು ಬೇಕಿತ್ತು. ನಾನು ಛಾವಣಿ ನೋಡಿದೆ. ಗುಮಾಸ್ತ ನೆಲ ನೋಡಿದ. ಅಧ್ಯಾಯ ಕೈತಪ್ಪಿದರೂ ಸುಳ್ಳು ಹೇಳಲಾರದ ಹಮಾಲನೇ ಕೊನೆಗೆ ಬಾಯಿಬಿಟ್ಟ.

"ಅದು ವಾದ್ಯ ಅಲ್ರೀ ಸರ. ಮ್ಯಾಲಿನ ಮನಿ ಮುದುಕಿ ಶೇಂಗಾ ಚಟ್ನಿ ಕುಟ್ಟತಿದ್ದಳ್ರೀ."

ಪ್ರಾಧ್ಯಾಪಕರ ಪೆನ್ನು ನಿಂತಿತು. ಆಮೇಲೆ ಅವರು ಹೊಸ ಹಾಳೆ ತಿರುವಿ, ಅಷ್ಟೇ ಗಂಭೀರವಾಗಿ ಕೇಳಿದರು:

"ಆ ತಾಯಿ ಯಾರ ಹತ್ತಿರ ಕಲಿತಿದ್ದರು?"